ಬಿರುಕಿಗೆ ತಕ್ಕ ಲೆನ್ಸು ಸಿಗದಿರುವ ಬಗ್ಗೆ

ಇಂದ:
ಬಟ್ಟೆ ಒಗೆಯುವ ವಿಭಾಗದ ಕೆಲಸಗಾರ್ತಿ,
ಆಸ್ಪತ್ರೆ ನೌಕರರ ವಸತಿ, ಹಿಂದಿನ ಸಾಲು, ಮನೆ ಸಂಖ್ಯೆ ಏಳು.

ಗೆ:
ಮುಖ್ಯಾಧಿಕಾರಿಗಳು, ಆಸ್ಪತ್ರೆಯ ಕಟ್ಟಡ ವಿಭಾಗ.

ವಿಷಯ: ನಮ್ಮ ಮನೆಯ ಗೋಡೆಯ ಫೋಟೋ ತೆಗೆಯುವಷ್ಟು ಯೋಗ್ಯತೆಯುಳ್ಳ ಕ್ಯಾಮೆರಾ ಇನ್ನೂ ಭೂಮಿಯ ಮೇಲೆ ಹುಟ್ಟಿಲ್ಲವೆಂದು ತಮ್ಮ ಕಚೇರಿ ನಂಬಿರುವ ಕುರಿತು.

ಉಲ್ಲೇಖ: ೧) ನನ್ನ ಹನ್ನೊಂದು ಅರ್ಜಿಗಳು. ೨) "ಪರಿಶೀಲನೆಯಲ್ಲಿದೆ" ಎಂಬ ತಮ್ಮ ಹನ್ನೊಂದು ಉತ್ತರಗಳು.

ಮಾನ್ಯರೇ,

೧. ನಾನು ಇಪ್ಪತ್ತೆರಡು ವರ್ಷಗಳಿಂದ ಈ ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುತ್ತಿದ್ದೇನೆ. ನಮಗೆ ಕೊಟ್ಟಿರುವುದು ಒಂದೇ ಕೋಣೆಯ ಮನೆ. ಅದರ ಹಿಂಗೋಡೆಯಲ್ಲಿ ಮೂರು ವರ್ಷದ ಹಿಂದೆ ಬಿರುಕು ಕಾಣಿಸಿತು. ಆ ಗೋಡೆಯ ಬುಡದಲ್ಲೇ ನಮ್ಮ ಅತ್ತೆಯ ಮಂಚ. ಸೊಂಟ ಮುರಿದು ಮಲಗಿರುವ ಅವರನ್ನು ಸರಿಸಲು ಬೇರೆ ಕೋಣೆಯನ್ನು ತಾವು ಕಟ್ಟಿಸಿಲ್ಲವಾದ ಕಾರಣ, ಅವರು ಅಲ್ಲೇ ಮಲಗಿದ್ದರು.

೨. ತಮ್ಮ ನಿಯಮದಂತೆ ಮೇಸ್ತ್ರಿ ಬರಬೇಕಾದರೆ ಮೊದಲು ಕಚೇರಿಯ ಫೋಟೋಗ್ರಾಫರ್ ತೆಗೆದ ಫೋಟೋ ಕಡತಕ್ಕೆ ಸೇರಬೇಕು. ನಾನು ಮಗಳ ಮೊಬೈಲಿನಲ್ಲಿ ತೆಗೆದದ್ದನ್ನು ತೋರಿಸಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಬಿರುಕು ಕಾಣ್ಸುತ್ತಮ್ಮ, ಇಲ್ಲ ಅನ್ನಲ್ಲ. ಆದ್ರೆ ನನಗೆ ಕಂಡ್ರೆ ಏನ್ ಬಂತು, ಕಡತಕ್ಕೆ ಕಾಣ್ಬೇಕಲ್ಲ" ಎಂದರು.

೩. ಸದರಿ ಫೋಟೋಗ್ರಾಫರ್ ಅವರನ್ನು ನಮ್ಮ ಒಗೆಯುವ ಕಟ್ಟೆಯಲ್ಲಿ 'ಮುಂದಿನ ಮಾಡೆಲ್' ಎಂದೇ ಕರೆಯುವುದು. ಏಕೆಂದರೆ ಅವರ ಬಾಯಲ್ಲಿ ಈಗಿನ ಮಾಡೆಲ್ ಎಂದೂ ಬಂದದ್ದಿಲ್ಲ. "ಈಗಿರೋದು ಹಳೇ ಕ್ಯಾಮೆರಾ ಕಣಮ್ಮ, ಇಪ್ಪತ್ನಾಲ್ಕು ಮೆಗಾಪಿಕ್ಸೆಲ್. ಹೊಸಾದು ನಲವತ್ತೈದಂತೆ! ಸುದ್ದಿ ಸೋರಿದೆ, ಇವತ್ತೋ ನಾಳೆನೋ ಬಿಡ್ತಾರೆ." ಅದು ಬಿಡುಗಡೆಯಾದ ದಿನವೇ ಅದರ ತಮ್ಮನ ಸುದ್ದಿ ಸೋರಿತು. ಅವರ ಮೇಜಿನ ಮೇಲೆ ಎರಡರ ಹೋಲಿಕೆಯ ಪಟ್ಟಿ ಇದೆ. ಒಂದು ಕತ್ತಲಲ್ಲಿ ಚೆನ್ನಾಗಿ ನೋಡುತ್ತದಂತೆ. ಇನ್ನೊಂದು ಸೆಕೆಂಡಿಗೆ ಹತ್ತು ಫೋಟೋ ಹೊಡೆಯುತ್ತದಂತೆ.

"ಅಣ್ಣಾ, ಗೋಡೆ ನಿಂತಲ್ಲೇ ನಿಂತಿರುತ್ತೆ. ಸೆಕೆಂಡಿಗೆ ಹತ್ತು ಯಾಕೆ?" ಎಂದೆ.

"ಬೀಳೋವಾಗ ಬೇಕಾಗುತ್ತೆ" ಎಂದರು.

೪. ಮೊದಲ ವರ್ಷ ಬಿರುಕು ಕೂದಲೆಳೆಯಷ್ಟಿತ್ತು. ಇಷ್ಟು ಸಣ್ಣದಕ್ಕೆ ಮ್ಯಾಕ್ರೋ ಲೆನ್ಸೇ ಆಗಬೇಕೆಂದು ಖರೀದಿ ಸಮಿತಿ ನಾಲ್ಕು ಲೆನ್ಸುಗಳನ್ನು ಹದಿನಾಲ್ಕು ತಿಂಗಳು ತೂಗಿ ನೋಡಿ ಒಂದನ್ನು ತರಿಸಿತು. ಅಷ್ಟರಲ್ಲಿ ಬಿರುಕಿನೊಳಗೆ ನನ್ನ ಹೆಬ್ಬೆರಳು ಹೋಗುತ್ತಿತ್ತು. ಆದಕಾರಣ ಫೋಟೋದಲ್ಲಿ ಬಿರುಕು ಪೂರ್ತಿ ಹಿಡಿಸಲಿಲ್ಲ. ಅದರೊಳಗೆ ಹೊರಟಿದ್ದ ಒಂದು ಇರುವೆ ಮಾತ್ರ ಮೀಸೆ ಸಮೇತ ಅದ್ಭುತವಾಗಿ ಬಂತು. ಆ ಇರುವೆ ಈಗ ಕಚೇರಿಯ ಕ್ಯಾಲೆಂಡರ್ ಏರಿ ತಮ್ಮ ಕುರ್ಚಿಯ ಹಿಂದೆ ತೂಗುತ್ತಿದೆ. ನಮ್ಮ ಸಾಲಿನಿಂದ ತಮ್ಮ ಕೋಣೆಗೆ ಬಡ್ತಿ ಪಡೆದ ಮೊದಲ ಜೀವ ಅದೇ.

ಆಮೇಲೆ ಅಗಲಕ್ಕೆ ಹಿಡಿಯುವ ವೈಡ್ ಲೆನ್ಸು ಬೇಕೆಂದಾಯಿತು. ಮತ್ತೆ ಹೋಲಿಕೆ, ಮತ್ತೆ ಸಭೆ. ನಮ್ಮ ಅತ್ತೆ ಮಲಗಿದಲ್ಲಿಂದಲೇ ಅಂದರು: "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ. ಇವರು ಹೊಲಿಯೋಷ್ಟರಲ್ಲಿ ಕೂಸಿಗೆ ಮೀಸೆ ಬಂತಲ್ಲೇ!"

೫. ಇಲ್ಲಿ ನನ್ನ ತಪ್ಪೊಂದಿದೆ. ಒಪ್ಪಿಕೊಳ್ಳುತ್ತೇನೆ. ವೈಡ್ ಲೆನ್ಸು ಬಂತು, ನಾಳೆ ಫೋಟೋ ಎಂದು ಹೇಳಿ ಕಳಿಸಿದರು. ಸಾಹೇಬರುಗಳು ನೋಡುವ ಫೋಟೋ, ಮನೆ ಗಲೀಜಾಗಿ ಕಂಡರೆ ನಮ್ಮ ಮಾನ ಏನಾಗಬೇಕು? ಆದ್ದರಿಂದ ನಾನೂ ಮಗಳೂ ಸೇರಿ ಬಿರುಕಿಗೆ ಚಿಂದಿಬಟ್ಟೆ ತುರುಕಿ, ಮೇಲೆ ಎರಡು ಕೈ ಸುಣ್ಣ ಬಳಿದೆವು. ಫೋಟೋ ಬಹಳ ಚೆನ್ನಾಗಿ ಬಂತು. ವಾರದೊಳಗೆ ಮೊಹರು ಒತ್ತಿದ ಪತ್ರವೂ ಬಂತು: "ಬಿರುಕು ಕಂಡುಬಂದಿಲ್ಲ. ಮನೆ ವಾಸಕ್ಕೆ ಯೋಗ್ಯ." ಮೂರು ವರ್ಷ ತೆವಳಿದ ಕಡತ ಅಂದು ಓಡಿದ ಓಟ!

"ಸಾಯೋ ಗೋಡೆಗೆ ಮದುಮಗಳ ಹಾಗೆ ಪೌಡರ್ ಹಚ್ಚಿದ್ಯಲ್ಲೇ" ಎಂದರು ಅತ್ತೆ. ಬೈದದ್ದಲ್ಲ. ನಕ್ಕರು. ನನಗೆ ಅದೇ ಹೆಚ್ಚು ಉರಿಯಿತು.

೬. ಕಳೆದ ವಾರ ಸುಣ್ಣ ಉದುರಿ ಗೋಡೆ ಒಳಕ್ಕೆ, ಮಂಚದ ಮೇಲಕ್ಕೆ ಬಾಗಿತು. ಫೋಟೋಗ್ರಾಫರ್ ಹೊಸ್ತಿಲವರೆಗೆ ಬಂದು ನಿಂತರು. "ಒಳಗೆ ಬರಲ್ಲಮ್ಮ, ನನಗೂ ಹೆಂಡ್ತಿ ಮಕ್ಕಳಿದ್ದಾರೆ. ಇದನ್ನ ದೂರದಿಂದ ಟೆಲಿ ಲೆನ್ಸಲ್ಲೇ ತೆಗೀಬೇಕು. ಹೊಸಾದು ಬರ್ತಾ ಇದೆ, ಸ್ವಲ್ಪ ತಡ್ಕೊಳ್ಳಿ."

"ನಾನು ತಡ್ಕೋತೀನಪ್ಪಾ" ಎಂದರು ಅತ್ತೆ, "ಗೋಡೆಗೆ ಒಂದ್ಮಾತು ನೀನೇ ಹೇಳ್ಬಿಡು."

೭. ನಿನ್ನೆ ಹನ್ನೊಂದನೇ ಉತ್ತರ ಇಸಿದುಕೊಳ್ಳಲು ಕಚೇರಿಗೆ ಬಂದಾಗ ಲೆನ್ಸುಗಳ ಕೋಣೆಯನ್ನು ಮೊದಲ ಸಲ ಕಂಡೆ. ತೇವ ತಗುಲಿದರೆ ಗಾಜಿಗೆ ಬೂಷ್ಟು ಹಿಡಿಯುತ್ತದಂತೆ. ಅದಕ್ಕೆ ಗಾಳಿ ಒಣಗಿಸುವ ಯಂತ್ರ, ಕಿಟಕಿಗೆ ಎರಡು ಪದರದ ಪರದೆ, ಚಪ್ಪಲಿ ಹೊರಗೆ ಬಿಡಿ ಎಂಬ ಫಲಕ. ನಾಲ್ಕೂ ಗೋಡೆ ನೆಟ್ಟಗಿವೆ. ನಮ್ಮ ಮನೆಯ ಒಂದೂವರೆಯಷ್ಟಿರುವ ಆ ಕೋಣೆಯಲ್ಲಿ ವಾಸವಿರುವುದು ಎರಡು ಲೆನ್ಸು.

೮. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಇಂದು ಬೆಳಿಗ್ಗೆ ಹತ್ತು ಗಂಟೆಗೆ ನಾವು ಒಗೆಯುವ ವಿಭಾಗದ ಆರು ಹೆಂಗಸರು ಅತ್ತೆಯನ್ನು ಕೊಳೆಬಟ್ಟೆಯ ತಳ್ಳುಗಾಡಿಯಲ್ಲಿ ಮಲಗಿಸಿ ತಂದು ಸದರಿ ಕೋಣೆಗೆ ಸೇರಿಸಿದ್ದೇವೆ. ಚಪ್ಪಲಿ ಹೊರಗೆ ಬಿಟ್ಟಿದ್ದೇವೆ. ಫೋಟೋಗ್ರಾಫರ್ ಓಡಿ ಬಂದು, "ಅಯ್ಯೋ, ಮನುಷ್ಯರ ಉಸಿರಿಗೆ ತೇವ ಬರುತ್ತೆ, ಲೆನ್ಸು ಹಾಳಾಗುತ್ತೆ!" ಎಂದು ಕೂಗಾಡಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ, "ನಾನು ಉಸಿರು ನಿಲ್ಸೋಕೆ ಇನ್ನೂ ಸ್ವಲ್ಪ ದಿನ ಇದೆ ಮಗಾ. ಅಲ್ಲೀವರೆಗೂ ಹೊಂದ್ಕೊಂಡು ಹೋಗು" ಎಂದರು. ಈಗ ನಿದ್ದೆ ಮಾಡುತ್ತಿದ್ದಾರೆ. ಅವರು ತಲೆಯ ಮೇಲೆ ಏನೂ ಬಾಗಿರದೆ ಮಲಗಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಮೇಸ್ತ್ರಿ ಬಂದು ಗೋಡೆ ಕಟ್ಟುವವರೆಗೆ ನಾವು ಏಳುವುದಿಲ್ಲ, ಬಟ್ಟೆಯನ್ನೂ ಒಗೆಯುವುದಿಲ್ಲ. ಲೆನ್ಸುಗಳಿಗೆ ನಮ್ಮಿಂದ ಅಡಚಣೆಯಾಗಬಾರದು. ಅವಕ್ಕೆ ಮನೆ ಸಂಖ್ಯೆ ಏಳನ್ನು ಹಂಚಿಕೆ ಮಾಡಿ, ಹಿಂಗೋಡೆಯ ಬುಡದ ಮಂಚದ ಮೇಲೆ ಇರಿಸಲು ಇಂದೇ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಮನೆ ವಾಸಕ್ಕೆ ಯೋಗ್ಯವಿರುವುದಕ್ಕೆ ತಮ್ಮದೇ ಮೊಹರು ಇದೆ.

ತಮ್ಮ ಮೇಲೆ ಉಳಿದಿರುವಷ್ಟರ ಮಟ್ಟಿಗೆ ವಿಶ್ವಾಸಿ,
(ಹೆಬ್ಬೆಟ್ಟಲ್ಲ, ಸಹಿ)

ಲಗತ್ತುಗಳು:
೧) ವಾಸಯೋಗ್ಯ ಪತ್ರದ ಪ್ರತಿ.
೨) ಫೋಟೋದ ಬದಲಿಗೆ ಗೋಡೆಯ ಒಂದು ತುಂಡು, ನಿಜಗಾತ್ರದ್ದು.
೩) ಮನೆಯ ಬೀಗದ ಕೈ. ಬಾಗಿಲನ್ನು ಮೆಲ್ಲಗೆ ತೆರೆಯತಕ್ಕದ್ದು.