ವರಾಂಡದ ಸ್ಪೀಕರ್

ಚೆನ್ನಾಗಿ ಹಾಡುತ್ತಿದ್ದ ರೇಡಿಯೊ ಇನ್ನೂ ಚೆನ್ನಾಗಿ ಹಾಡಲಿ ಎಂದು ಸ್ಕ್ರೂ ಸಾರ್ ಬೆಳಿಗ್ಗೆ ಎಂಟಕ್ಕೇ ಅದರ ಬೆನ್ನು ಬಿಚ್ಚಿದರು. ಈ ಗುಮಾಸ್ತರಿಗೆ ಬೀದಿಯವರು ಇಟ್ಟ ಹೆಸರದು. ಮನೆಯಲ್ಲಿ ಅವರು ಬಿಚ್ಚದೆ ಉಳಿಸಿದ್ದು ಗೋಡೆಗಳನ್ನು ಮಾತ್ರ.

"ರೀ, ಅದು ಅಪ್ಪ ಮದುವೇಲಿ ಕೊಟ್ಟಿದ್ದು! ಐದಕ್ಕೆ ಫೈನಲ್ ಮ್ಯಾಚ್ ಕಾಮೆಂಟರಿ ಕೇಳೋಕೆ ಅವರೇ ಬರ್ತಿದಾರೆ," ಎಂದಳು ಹೆಂಡತಿ.

"ಅವರಿಗೋಸ್ಕರಾನೇ ಕಣೇ. ಆಂಪ್ಲಿಫೈಯರ್ ನಾನೇ ಕಟ್ಟಿದೀನಿ. ಸ್ಟೇಡಿಯಮ್ಮಲ್ಲೇ ಕೂತ ಹಾಗಿರತ್ತೆ!"

ಮಧ್ಯಾಹ್ನದ ಹೊತ್ತಿಗೆ ಮೇಜು, ಎಣ್ಣೆ ಕಾಣದ ತಲೆಯಂತೆ ತಂತಿ ಕೆದರಿಕೊಂಡಿತ್ತು. ಸುಟ್ಟ ವಾಸನೆ ಹಿಡಿದು ಮಹಡಿ ಮೇಲಿನ ನಿವೃತ್ತ ವೈರ್‌ಮನ್ ಇಳಿದು ಬಂದರು.

"ಒಂದು ಸ್ಪೀಕರ್ ಒಳಗೆ, ಒಂದು ವರಾಂಡಕ್ಕೆ ಹಾಕೋಣ ಸಾರ್. ಬೀದಿಯೋರೂ ಕೇಳ್ಲಿ."

"ಪಿನ್ನೆಲ್ಲ ಒಂದೇ ಥರ ಇದೆ, ಗುರುತು ಹಾಕ್ಲಾ?"

"ಗುರುತ್ಯಾಕೆ? ನನ್ನ ಬೆರಳಿಗೇ ಕಣ್ಣಿದೆ," ಎಂದರು ವೈರ್‌ಮನ್.

ನಾಲ್ಕೂ ಮುಕ್ಕಾಲಿಗೆ ಸ್ವಿಚ್ ಹಾಕಿದರೆ ಒಳಗಿನ ಸ್ಪೀಕರ್ ಮೌನವ್ರತ ಹಿಡಿದಂತೆ ಕೂತಿತ್ತು. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಊಹೂಂ. ಅಷ್ಟರಲ್ಲಿ ಮಾವ ಬಂದು, ವರಾಂಡದಲ್ಲಿ ನೆರೆದಿದ್ದ ನೆರೆಹೊರೆಯವರ ನಡುವೆ ಕುರ್ಚಿ ಹಿಡಿದರು. ಸ್ಕ್ರೂ ಸಾರ್ ದಡಬಡನೆ ಬಾಗಿಲು ಹಾಕಿದರು.

"ಕರೆಂಟಿಲ್ಲ ಅಂತ ಹೇಳಿಬಿಡೇ."

"ಅವರ ತಲೆ ಮೇಲೇ ಫ್ಯಾನ್ ತಿರುಗ್ತಿದೆ!"

"ಹಾಗಾದ್ರೆ ಡಬ್ಬಾ ರೇಡಿಯೊ, ತಾನಾಗೇ ಸತ್ತೋಯ್ತು ಅನ್ನು. ಏಳೂವರೆ ಬಸ್ಸು ಹತ್ತಿಸಿ ಕಳಿಸು. ಇಲ್ದಿದ್ರೆ ಶುರುಮಾಡ್ತಾರೆ." ಸ್ಕ್ರೂ ಸಾರ್ ಮೂಗಿನಲ್ಲೇ ಮಾವನಾದರು: "ಅಳಿಯಂದಿರೇ... ಹ್ಹೆಂ... ಎಲ್ಲಾ... ಹ್ಹೆಂ... ಸೌಖ್ಯವಾ?"

ಹೊರಗೆ ಗೊಳ್ಳೆಂದು ನಗು. ಅದರ ಹಿಂದೆಯೇ ಅಸಲಿ "ಹ್ಹೆಂ!"

ಹೊರಗಿದ್ದ ವೈರ್‌ಮನ್ ಬಾಗಿಲು ತಳ್ಳಿಕೊಂಡು ಬಂದರು. "ವರಾಂಡದಲ್ಲಿ ಕ್ಲಿಯರ್ ಸಾರ್! ಒಂದಕ್ಷರ ತಪ್ಪಿಲ್ಲ!"

ಕಣ್ಣುಳ್ಳ ಬೆರಳುಗಳು ಆಂಪ್ಲಿಫೈಯರಿಗೆ ಶಬ್ದ ಹೋಗುವ ತೂತಿಗೆ ರೇಡಿಯೊ ಬದಲು ಒಳಗಿನ ಸ್ಪೀಕರನ್ನೇ ಸಿಕ್ಕಿಸಿದ್ದವು. ಹಾಗೆ ಸಿಕ್ಕಿಸಿದರೆ ಸ್ಪೀಕರೇ ಮೈಕಾಗುತ್ತದೆ. ಸ್ಕ್ರೂ ಸಾರ್ ಇಡೀ ಬೀದಿಗೆ ಭಾಷಣ ಮಾಡಿದ್ದರು.

ಮಾವ ಒಳಬಂದು ಬಿಚ್ಚಿಹೋದ ರೇಡಿಯೊವನ್ನೇ ದಿಟ್ಟಿಸಿದರು. ಸ್ಕ್ರೂ ಸಾರ್ ಮೇಜಿನ ಹಿಂದಕ್ಕೆ ಸರಿದರು. ಮಾವ ನಿಧಾನವಾಗಿ ಜೇಬಿನಿಂದ ತೆಗೆದದ್ದು ಒಂದು ಸ್ಕ್ರೂಡ್ರೈವರ್!

"ಈ ರೇಡಿಯೊನ ನಾನೂ ನಮ್ಮ ಮಾವ ಕೊಟ್ಟಿದ್ದನ್ನ ಬಿಚ್ಚಿ ಕಟ್ಟಿದ್ದೇ, ಅಳಿಯಂದಿರೇ. ಇಷ್ಟು ವರ್ಷ ಜೊತೆಗೊಬ್ಬರು ಸಿಕ್ಕಿರಲಿಲ್ಲ."

ಸ್ಕ್ರೂ ಸಾರ್‌ಗೆ ಹೋದ ಜೀವ ಬಂತು. "ಹಾಗಾದ್ರೆ... ಬಸ್ಸು?"

"ಬಸ್ಸಾ? ರಿಪೇರಿ ಮುಗಿಯೋ ತನಕ ಇಲ್ಲೇ ಇರ್ತೀನಿ."

"ಎಷ್ಟು ದಿನ ಆಗುತ್ತಪ್ಪಾ?" ಎಂದಳು ಮಗಳು.

"ಹಿಂದಿನ ಸಲ ಎರಡು ವರ್ಷ ಹಿಡೀತು. ಹ್ಹೆಂ."

ಆ "ಹ್ಹೆಂ" ಅನ್ನೂ ಬಿಡದೆ, ವರಾಂಡದ ಸ್ಪೀಕರ್ ಇಡೀ ಬೀದಿಗೆ ಸಾರಿತು.