ಒಳಗೆ ಬರಲೊಲ್ಲದ ಸ್ಲೈಡ್‌ಔಟ್ ಸಾಹೇಬರಿಗೆ

ಮಾನ್ಯರೇ,

ಟೆಕ್ಸಾಸಿನ ಫ್ರಿಸ್ಕೋದಲ್ಲಿ, ನಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ, ನಮ್ಮ ಪುಟ್ಟ ಟ್ರೈಲರಿನ ಎಡಮಗ್ಗುಲಿನಿಂದ ಹೊರಗೆ ಚಾಚಿಕೊಂಡು, ಬಿಸಿಲಿಗೂ ಗಾಳಿಗೂ ಬಡಾವಣೆಯ ಸಂಘದವರ ನೋಟೀಸಿಗೂ ಜಗ್ಗದೆ ಬಿಜಯಂಗೈದಿರುವ ತಮ್ಮ ಸನ್ನಿಧಾನಕ್ಕೆ, ರೌಂಡ್ ರಾಕ್‌ನಿಂದ ಅನಸೂಯಾ ಮೋಹನರಾಜಳ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು, ತಮಗೇನು ಮಗಳೇ, ಅಳಿಯನೇ, ಹೊತ್ತಿಗೆ ಸರಿಯಾಗಿ ತಲುಪಬೇಕಾದ ಊರೇ? ಈ ಪತ್ರವನ್ನು ತಮ್ಮ ಕಿವಿಯಲ್ಲಿ ಪಿಸುಗುಡದೆ ಹತ್ತು ಜನರ ಮುಂದೆ ಬರೆಯುತ್ತಿರುವುದಕ್ಕೆ ಕಾರಣವಿದೆ: ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಕನ್ನಡಿಗರು ತಮ್ಮ ಪರವಾಗಿ ವಾದಿಸಿದ್ದೂ ಹತ್ತು ಜನರ ಮುಂದೆಯೇ. ಅವರೂ ಓದಲಿ.

ತಮ್ಮ ಪರಿಚಯವಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ಟ್ರೈಲರ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಅದರೊಳಗೇ ಇರುತ್ತವೆ. ಕೆಲವು ಟ್ರೈಲರುಗಳಲ್ಲಿ ಗೋಡೆಯ ಒಂದು ಭಾಗವು, ಅದಕ್ಕಂಟಿದ ಊಟದ ಮೇಜು ಬೆಂಚುಗಳ ಸಮೇತ, ಗುಂಡಿ ಒತ್ತಿದೊಡನೆ ಗುಂಯ್ ಎಂದು ಹೊರಗೆ ಜಾರಿ ಒಳಗಿನ ಜಾಗವನ್ನು ಹಿಗ್ಗಿಸುತ್ತದೆ. ಆ ಜಾರುವ ಭಾಗವೇ ತಾವು. ಹೊರಡುವ ಹೊತ್ತಿಗೆ ತಾವು ಒಳಗೆ ಬರಲೇಬೇಕು, ಇಲ್ಲದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದರು; ಕಾಲು ಮಡಚುವ ಬದಲು ಗೋಡೆಯನ್ನೇ ಚಾಚಬಹುದೆಂದು ತೋರಿಸಿಕೊಟ್ಟ ತಮ್ಮ ಕುಲವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ನಮಗೆ ಟ್ರೈಲರ್ ಬೇಕಾದದ್ದು ಕಾಡು ಮೇಡು ಸುತ್ತುವುದಕ್ಕಲ್ಲ. ಫ್ರಿಸ್ಕೋದಿಂದ ಮೂರು ಗಂಟೆಯ ದಾರಿಯ ರೌಂಡ್ ರಾಕ್‌ನಲ್ಲಿರುವ ನಮ್ಮ ಮಗಳು ನಿಖಿತಾಗೆ ಇದು ಚೊಚ್ಚಲು. ಚೊಚ್ಚಲ ಹೆರಿಗೆ ತವರಿನ ಹಕ್ಕು, ತವರಿನ ಸಡಗರ. ಆದರೆ ಅವಳ ಡಾಕ್ಟರು, ಆಸ್ಪತ್ರೆ, ಇನ್ಶೂರೆನ್ಸು ಎಲ್ಲವೂ ಅಲ್ಲೇ ಇದ್ದುದರಿಂದ ಅವಳು ಫ್ರಿಸ್ಕೋಗೆ ಬರುವಂತಿರಲಿಲ್ಲ. ನಾನೇ ಹೋಗಿರೋಣವೆಂದರೆ ಅವಳ ಪುಟ್ಟ ಮನೆಯ ಒಂದು ಕೋಣೆಯಲ್ಲಿ ಅಳಿಯ ಪ್ರಹ್ಲಾದ್ ಬಾಗಿಲು ಹಾಕಿಕೊಂಡು ದಿನವಿಡೀ ಮೀಟಿಂಗ್ ಮಾಡುತ್ತಾರೆ; ಇನ್ನೊಂದರಲ್ಲಿ ಅವರ ತಾಯಿ ಮಲ್ಲವ್ವನವರು, ಗದಗಿನಿಂದ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಟಿನುಂಡೆಗಳ ಪೆಟ್ಟಿಗೆಗಳೊಂದಿಗೆ ಆಗಲೇ ಬಂದು ಇಳಿದಿದ್ದರು. ಬೀಗಿತ್ತಿಯ ಕಣ್ಣೆದುರು ಸೋಫಾದ ಮೇಲೆ ಮುದುರಿ ಮಲಗುವುದು ನಮ್ಮ ಯಜಮಾನರಾದ ಮೋಹನರಾಜರ ಘನತೆಗೆ ಒಗ್ಗದು. “ಅವಳು ತವರಿಗೆ ಬರಕ್ಕಾಗಲ್ಲ ಅಂದ್ರೆ ತವರನ್ನೇ ಎಳ್ಕೊಂಡು ಹೋಗೋಣ ಕಣೇ” ಎಂದರು. ಸುಳ್ಳೇಕೆ ಹೇಳಲಿ, ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ಮಗಳು ಕೇಳಿದ್ದು ಒಂದೇ. ಹೆರಿಗೆಯ ಕೋಣೆಯೊಳಗೆ ಗಂಡನ ಜೊತೆ ಇನ್ನೊಬ್ಬರನ್ನು ಮಾತ್ರ ಬಿಡುತ್ತಾರಂತೆ. ಆ ಇನ್ನೊಬ್ಬಳು ನಾನೇ ಆಗಬೇಕು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, “ಅಮ್ಮಾ, ಐ ಡೋಂಟ್ ನೀಡ್ ಎನಿಥಿಂಗ್. ಜಸ್ಟ್ ಬಿ ದೇರ್, ಓಕೆ?” ಅಂದಳು. ಹೂಂ ಅಂದೆ. ಹೂಂ ಅನ್ನುವಾಗ ತಾವೊಬ್ಬರು ಲೋಕದಲ್ಲಿದ್ದೀರೆಂದೇ ನನಗೆ ತಿಳಿದಿರಲಿಲ್ಲ, ಸ್ವಾಮಿ.

ಮೆಕಿನ್ನಿಯ ದಾರಿಯಲ್ಲಿರುವ ಮಾರಾಟದ ಅಂಗಳದಲ್ಲಿ ನಾನು ಸ್ಲೈಡ್‌ಔಟ್ ಇಲ್ಲದ ಒಂದು ಟ್ರೈಲರನ್ನು ಹತ್ತಿ, ಮಲಗಿ ನೋಡಿ, ಎದ್ದು ಕೂತು ನೋಡಿ, ಇಷ್ಟು ಸಾಕು ಎಂದೆ. ಮುಗಿಯಬೇಕಿತ್ತು. ಆದರೆ ನಮ್ಮವರಲ್ಲಿ ಚಪ್ಪಲಿ ಕೊಳ್ಳುವುದಕ್ಕೂ ನಾಲ್ಕು ಜನರನ್ನು ಕೇಳುವ ಪದ್ಧತಿಯುಂಟಲ್ಲ! ಯಜಮಾನರು ಫೋಟೋ ತೆಗೆದು ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಪುಟ್ಟ ಟ್ರೈಲರಿಗೆ ಸ್ಲೈಡ್‌ಔಟ್ ಬೇಕೇ ಬೇಡವೇ ಎಂದು ಕೇಳಿಯೇಬಿಟ್ಟರು. ಎಣ್ಣೆ ಕಂಪನಿಯಿಂದ ರಿಟೈರ್ ಆಗಿ ಹ್ಯೂಸ್ಟನ್‌ನಲ್ಲಿ ಹಡಗಿನಂಥ ಟ್ರೈಲರ್ ಇಟ್ಟುಕೊಂಡಿರುವ ಚಿದಾನಂದ್ ಅವರು ಕೂಡಲೇ ಫೋನ್ ಮಾಡಿ, “ಸ್ಲೈಡ್ ಇಲ್ದೇ ಇದ್ರೆ ಅದು ಟ್ರೈಲರ್ ಅಲ್ಲ ಮೋಹನ್, ಟಿಫನ್ ಕ್ಯಾರಿಯರ್ರು” ಎಂದು ತೀರ್ಪು ಕೊಟ್ಟರು. ಹೋಟೆಲು ಬಿಟ್ಟು ಬೇರೆಲ್ಲೂ ಮಲಗದ ಆಸ್ಟಿನ್‌ನ ಮಹನೀಯರೊಬ್ಬರು ಮರುಮಾರಾಟದ ಬೆಲೆಯ ಬಗ್ಗೆ ಉಪನ್ಯಾಸ ಕೊಟ್ಟರು. ಡಲ್ಲಾಸ್‌ನ ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ಸೊಗಸು: “ಮಗು ನೋಡಕ್ಕೆ ಬಂದೋರು ಎಲ್ಲಿ ಕೂತ್ಕೋತಾರೆ ಆಂಟಿ?” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ಗಾದೆ ನಗುತ್ತದೆ, ಇವರು ಆ ಕುಲಾವಿ ನೋಡಲು ಬರುವವರಿಗೆ ಬೆಂಚು ಹಾಕಿಸುತ್ತಿದ್ದರು.

ತಮ್ಮ ವಿರುದ್ಧ ನಾನು ಹೇಳಿದ್ದು ಬಹಳವಿರಲಿಲ್ಲ. ಇಬ್ಬರು ಮುದುಕರು ಮಲಗುವುದಕ್ಕೆ ಗೋಡೆ ನಡೆದಾಡಬೇಕಾಗಿಲ್ಲ, ತಮ್ಮಿಂದ ಭಾರ ಹೆಚ್ಚುತ್ತದೆ, ಮೋಟಾರು ಇದ್ದ ಮೇಲೆ ಅದು ಕೆಡುವುದೂ ಇದ್ದೇ ಇರುತ್ತದೆ, ಮಗಳ ಡ್ರೈವ್‌ವೇಯಲ್ಲಿ ತಾವು ಹೊರಬಂದರೆ ಪಕ್ಕದ ಮನೆಯವರ ಕಾರಿಗೆ ಮುತ್ತಿಡುತ್ತೀರಿ ಎಂದೆ. ಯಾರು ಕೇಳಬೇಕು? ಮಾತಿನ ಮೇಲೆ ಮಾತು ಬೆಳೆದು, ನಾನು ಒಪ್ಪಿದ್ದ ಟ್ರೈಲರನ್ನು ಯಾರೋ ಪುಣ್ಯಾತ್ಮರು ಎಳೆದುಕೊಂಡು ಹೋದರು. ಮಗಳ ಹೊಟ್ಟೆ ಬೆಳೆಯುತ್ತಿತ್ತು, ಇವರ ಚರ್ಚೆಯೂ ಬೆಳೆಯುತ್ತಿತ್ತು. ಕೊನೆಗೆ ಬಹುಮತದಿಂದ ಚುನಾಯಿತರಾಗಿ ನಮ್ಮ ಮನೆಗೆ ಬಂದವರು ತಾವು.

ಬಂದ ಮೇಲೆ ಹೊಸ ತಕರಾರು ಶುರುವಾಯಿತು: ಇದು ವಾಹನವೋ, ಮನೆಯೋ? ವಾಹನವಾದರೆ ಆಯುಧಪೂಜೆಯಂತೆ ಪೂಜೆ, ಮನೆಯಾದರೆ ಗೃಹಪ್ರವೇಶ. ಇತ್ಯರ್ಥವಾಗದೆ, ಯಾವುದಕ್ಕೂ ಇರಲಿ ಎಂದು ಎರಡನ್ನೂ ಮಾಡಿದೆವು. ಚಕ್ರದಡಿ ನಿಂಬೆಹಣ್ಣಿಟ್ಟು ಹೊಸಕಿದ್ದಾಯಿತು, ಕಾಯಿ ಒಡೆದದ್ದಾಯಿತು; ಇನ್ನು ಹಾಲುಕ್ಕಿಸಬೇಕು. ಟ್ರೈಲರಿನ ಒಲೆ ದಕ್ಷಿಣಕ್ಕೆ ಮುಖ ಮಾಡಿತ್ತು. ತಾವು ಮಾತ್ರ ಪೂರ್ವಕ್ಕೆ ಚಾಚಿಕೊಂಡಿದ್ದಿರಿ, ಎಂಥ ಯೋಗ! ತಮ್ಮ ಮೇಜಿನ ಮೇಲೆಯೇ ಕರೆಂಟಿನ ಒಲೆ ಇಟ್ಟು, ಬಂದವರಿಗೆಲ್ಲ ಕಾಫಿಯೂ ಆಗಲೆಂದು ದೊಡ್ಡ ಪಾತ್ರೆಯ ತುಂಬ ಹಾಲು ಸುರಿದೆವು. ಹಾಲು ಏರಿತು, ಉಕ್ಕಿತು, “ಉಕ್ತು ಉಕ್ತು, ಇನ್ನೂ ಉಕ್ಲಿ!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಉಕ್ಕಿದಷ್ಟೂ ಸಮೃದ್ಧಿಯೆಂಬ ನಂಬಿಕೆಯಲ್ಲಿ ಬೆಳೆದ ಅಷ್ಟು ಎಂಜಿನಿಯರುಗಳು ನಿಂತಿದ್ದರೂ ಒಲೆ ಆರಿಸಲು ಒಂದು ಕೈಯೂ ಮುಂದೆ ಬರಲಿಲ್ಲ. ಸಮೃದ್ಧಿಯೆಲ್ಲ ಮೇಜಿನಿಂದಿಳಿದು, ಬೆಂಚಿನ ಕೆಳಗಿನ ತಮ್ಮ ಮೋಟಾರು, ತಂತಿ, ಹಳಿಗಳ ಮೇಲೆ ಹರಿದುಹೋಯಿತು. ಫಟ್ ಎಂದು ಒಂದು ಸದ್ದಾದದ್ದನ್ನು ಶುಭಶಕುನವೆಂದೇ ಎಲ್ಲರೂ ಭಾವಿಸಿ ಕಾಫಿ ಕುಡಿದರು.

ಅಂದು ಹೊರಗೆ ನಿಂತವರು ತಾವು, ಇಂದಿಗೂ ಒಳಗೆ ಬಂದಿಲ್ಲ. ಗುಂಡಿ ಒತ್ತಿದರೆ ಉಸಿರಿಲ್ಲ. ಕೈಯಿಂದ ತಿರುಗಿಸುವ ಹಿಡಿಯೊಂದನ್ನು ಪತ್ತೆ ಮಾಡಿ ನಮ್ಮ ಯಜಮಾನರು ಪುಸ್ತಕವನ್ನೂ ಓದದೆ ತಿರುಗಿಸಿದಾಗ, ತಾವು ಒಳಬರುವ ಬದಲು ಸೊಟ್ಟಗೆ ವಾಲಿ ಇನ್ನಷ್ಟು ಬಿಗಿದುಕೊಂಡಿರಿ. ಟೆಕ್ಸಾಸಿನ ಬಿಸಿಲಿಗೆ ಒಳಗಿನ ಹಾಲು ಹುಳಿತು ನಾರಿ, ನಮ್ಮ ಬೀದಿಯ ಸಾಕುನಾಯಿಗಳೆಲ್ಲ ತಮ್ಮ ದರ್ಶನಕ್ಕೆ ಮಾಲೀಕರನ್ನು ಎಳೆದುಕೊಂಡು ಬರತೊಡಗಿದವು. ರಿಪೇರಿಯವರು ಇಂದು ನಾಳೆ ಎನ್ನುತ್ತಿದ್ದರು. ನಾನು ಕಾರಿನಲ್ಲೇ ಹೋಗೋಣವೆಂದು ಗೋಗರೆದೆ. “ಡೇಟ್ ಇನ್ನೂ ದೂರ ಇದ್ಯಲ್ಲ, ಎರಡು ದಿನ ತಡ್ಕೋ, ಇದನ್ನ ಮುಚ್ಚಿಸ್ಕೊಂಡೇ ಹೋಗೋಣ. ಬರಿಗೈಲಿ ಹೋಗಿ ಅವರ ಸೋಫಾ ಮೇಲೆ ಬಿದ್ದಿರ್ತೀಯಾ?” ಎಂದರು. ಬ್ಯಾಗು ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ಕೂತೆ.

ಕೂಸಿಗೆ ಡೇಟೂ ತಿಳಿಯದು, ತಮ್ಮ ಮೋಟಾರಿನ ಸಂಕಷ್ಟವೂ ತಿಳಿಯದು. ಒಂದು ಮಧ್ಯಾಹ್ನ ಪ್ರಹ್ಲಾದ್ ಫೋನ್ ಮಾಡಿ, ನೀರು ಹೋಗಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದರು. ತಮ್ಮನ್ನು ಅಲ್ಲೇ ಬಿಟ್ಟು ಕಾರು ಹತ್ತಿದೆವು. ರಸ್ತೆ ಕೆಲಸ, ಆಕ್ಸಿಡೆಂಟು, ಲಾರಿಗಳ ಸಾಲು. ವೇಕೋ ಊರಿನ ಬಳಿ ಕಾರು ಇರುವೆಯಂತೆ ತೆವಳುತ್ತಿದ್ದಾಗ, ಹೆಣ್ಣುಮಗುವಾಯಿತು, ಇಬ್ಬರೂ ಕ್ಷೇಮ ಎಂಬ ಸುದ್ದಿ ಬಂತು. ಯಜಮಾನರು ಸ್ಟೀರಿಂಗಿಗೆ ಕೈಮುಗಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಸಂತೋಷವೇನೋ ಆಯಿತು. ಒಂದೇ ಒಂದು ಕೇಳಿದ್ದಳು ನನ್ನ ಮಗಳು.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆ ಇಷ್ಟು. ಜಾಗವನ್ನು ಹಿಗ್ಗಿಸುವುದರಲ್ಲಿ ತಾವು ಪ್ರವೀಣರೆಂದು ಮೂರೂ ಊರುಗಳು ಸಾರಿವೆ. ದಯಮಾಡಿ ಆ ಮಧ್ಯಾಹ್ನವನ್ನು ಕೊಂಚ ಹಿಗ್ಗಿಸಿಕೊಡಿ, ನಾನು ಹೋಗಿ ನನ್ನ ಮಗಳ ತಲೆಯ ಬಳಿ ನಿಂತು ಬರುತ್ತೇನೆ. ಅದು ತಮ್ಮ ಅಳವಿಗೆ ಮೀರಿದ್ದಾದರೆ ಫ್ರಿಸ್ಕೋವನ್ನಾದರೂ ರೌಂಡ್ ರಾಕ್‌ನ ಕಡೆಗೆ ಜಾರಿಸಿಕೊಡಿ. ಅದೂ ಆಗದಿದ್ದರೆ, ತಮಗೆ ವೋಟು ಹಾಕಿದ ಮಹನೀಯರನ್ನೆಲ್ಲ ತಮ್ಮ ಬೆಂಚಿನ ಮೇಲೆ ಕೂಡಿಸಿಕೊಂಡು ಆ ಹುಳಿ ಹಾಲಿನ ಪರಿಮಳದಲ್ಲಿ ಮುಂದಿನ ಸಭೆ ನಡೆಸಿ. ಎಲ್ಲರಿಗೂ ಜಾಗವಾಗುತ್ತದೆ ಎಂದಿದ್ದರಲ್ಲ.

ಇಲ್ಲಿ ನಾನು ಸೋಫಾದ ಮೇಲೇನೂ ಬಿದ್ದಿಲ್ಲ. ಬಂದ ದಿನವೇ ಮಲ್ಲವ್ವನವರು ನನ್ನ ಬ್ಯಾಗನ್ನು ತಾವೇ ಎತ್ತಿಕೊಂಡು ಹೋಗಿ ತಮ್ಮ ಕೋಣೆಯಲ್ಲಿಟ್ಟು, “ಬರ್ರಿ ಅಕ್ಕಾರ, ಮಂಚ ದೊಡ್ಡದೈತಿ, ನಾ ಒಬ್ಬಾಕಿ ಏನ್ ಮಾಡ್ಲಿ” ಎಂದು ಗೋಡೆಯ ಕಡೆ ಸರಿದು ಮಲಗಿದರು. ಇಬ್ಬರೂ ಆ ಮಂಚದ ಮೇಲೇ ಇದ್ದೇವೆ. ಇಷ್ಟಕ್ಕಾಗಿ ತಮ್ಮನ್ನು ಅಷ್ಟು ದಿನ ಪೂಜಿಸಿದೆವಲ್ಲ, ನಮ್ಮ ಬುದ್ಧಿಗಿಷ್ಟು!

ಮೊನ್ನೆ ಬಾಣಂತಿಗೆ ನೀರು ಕಾಯಿಸುತ್ತಿದ್ದಾಗ ಹೆರಿಗೆಯ ಕೋಣೆಯಲ್ಲಿ ನನ್ನ ಬದಲು ನಿಂತಿದ್ದ ಮಲ್ಲವ್ವನವರನ್ನು ನಾನು ಕೇಳಿದೆ, ಆ ಹೊತ್ತಿನಲ್ಲಿ ನನ್ನ ಮಗಳು ನನ್ನನ್ನು ಕೇಳಿದಳೇ ಎಂದು. ಅವರು ಒಲೆಯ ಉರಿ ತಗ್ಗಿಸಿ, “ಕೇಳಿದ್ಲ್ರಿ ಅಕ್ಕಾರ. ಕಣ್ಣು ಗಟ್ಯಾಗಿ ಮುಚ್ಚಿ ಅಮ್ಮಾ ಎಲ್ಲಿದೀಯ, ಅಮ್ಮಾ ಎಲ್ಲಿದೀಯ ಅಂತ ಕನ್ನಡದಾಗ ಒದರಾಕತ್ತಿದ್ಲು. ನಮ್ಮ ಮಾತಿನ್ಯಾಗ ಮಾತಾಡಿದ್ರ ನೀವಲ್ಲಂತ ಆಕಿಗೆ ಗೊತ್ತಾಗ್ತದ ಅಂತ, ಕೈ ಹಿಡಕೊಂಡು ನಿಮ್ಮಂಗ ಅಂದೆ ನೋಡ್ರಿ, ‘ಇಲ್ಲೇ ಇದೀನಿ ಪುಟ್ಟಾ, ಇಲ್ಲೇ ಇದೀನಿ’ ಅಂತ. ತಪ್ಪು ತಿಳೀಬ್ಯಾಡ್ರಿ” ಎಂದರು. ನಾನು ಅವರ ಕೈ ಹಿಡಿದುಕೊಂಡು ಅತ್ತೆ.

ಇಂತಿ,
ತಮ್ಮನ್ನು ನಂಬಿ ಹೊತ್ತು ಕಳೆದುಕೊಂಡ ತಮ್ಮ ವಿಶ್ವಾಸಿ,
ಅನಸೂಯಾ ಮೋಹನರಾಜ

ತಾಜಾ ಕಲಂ: ರಿಪೇರಿಯವರು ಬರುತ್ತಾರೆಂದು ಫ್ರಿಸ್ಕೋಗೆ ಹಿಂದಿರುಗಿರುವ ನಮ್ಮ ಯಜಮಾನರು ನಿನ್ನೆ ಫೋನ್ ಮಾಡಿ, ಮುಂದಿನ ಸಲ ಎರಡು ಸ್ಲೈಡ್‌ಔಟ್ ಇರುವ ಟ್ರೈಲರನ್ನೇ ತೆಗೆದುಕೊಳ್ಳೋಣ, ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ, ಗುಂಪಿನಲ್ಲಿ ಕೇಳಿದ್ದೇನೆ ಎಂದು ತಿಳಿಸಿದರು. ಹೀಗೆ ಕೇಳುವಾಗ ಅವರು ಸಾಮಾನ್ಯವಾಗಿ ತಮ್ಮೊಳಗಿನ ಬೆಂಚಿನ ಮೇಲೆಯೇ ಕೂತಿರುತ್ತಾರೆ. ಒಳಗೆ ಬರಬೇಕೆಂದು ತಮಗೆ ಎಂದಾದರೂ ಮನಸ್ಸಾದರೆ, ಆ ಹೊತ್ತು ಬಹಳ ಪ್ರಶಸ್ತವಾಗಿರುತ್ತದೆ.