ಊದಿ ಒಳಗೆ ಬನ್ನಿ

ಹ್ಯಾಂಡ್‌ಪೋಸ್ಟಿನ ಕಬ್ಬಿಣದ ಅಂಗಡಿ ಚಿಕ್ಕಬಸಪ್ಪನವರು ಆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ನಡುಮನೆಯ ಟಿವಿ ಮುಂದೆ ನಿಂತು ಘೋಷಿಸಿಯೇ ಬಿಟ್ಟರು. ಇವತ್ತು ಈ ಹೊಸ್ತಿಲು ದಾಟಿ ಒಬ್ಬನೇ ಒಬ್ಬ ಕುಡುಕ ಒಳಗೆ ಬಂದರೆ ತಮ್ಮ ಹೆಸರು ಚಿಕ್ಕಬಸಪ್ಪನೇ ಅಲ್ಲ! ವಿಶ್ವಕಪ್ ಫುಟ್‌ಬಾಲ್ ಫೈನಲ್ಲನ್ನು ಒಂದು ತೊಟ್ಟೂ ಮುಟ್ಟದೆ ನೋಡಿದ ಊರು ಎಂಬ ಕೀರ್ತಿ ಹ್ಯಾಂಡ್‌ಪೋಸ್ಟಿಗೆ ಬರಬೇಕು, ಅದನ್ನು ತರುವ ಭಾಗ್ಯ ತಮ್ಮದು!

ಕೇಳಿಸಿಕೊಂಡವರು ಇಬ್ಬರೇ. ಮಗಳು ಐಶ್ವರ್ಯ ಪಿಯುಸಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಹೆಂಡತಿ ಮಂಗಳಮ್ಮ ಮಾತ್ರ ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಬಂದರು.

"ಹೆಸರು ಬದಲಾಯಿಸ್ಕಳೋದು ಬ್ಯಾಡ ಕಣ್ರೀ. ಟಿವಿ ನನ್ನ ತವರಿಂದ ಬಂದದ್ದು. ಕುಡಿದೋರು ಒಬ್ಬರು ಈ ಮನೇಲಿ ಕಂಡ್ರೂ ಸಾಕು, ಆಟ ಎಲ್ಲಿಗೇ ಬಂದಿರಲಿ, ಟಿವಿ ಆಚೆಗೆ ಹೋಯ್ತದೆ. ಆಯ್ತಾ?"

ಆಯ್ತು ಎನ್ನದೆ ಗತಿಯಿರಲಿಲ್ಲ. 2002ರ ಜೂನ್ ಕಡೆಯ ದಿನ ಅದು. ಶುಂಠಿ ಬೆಳೆಯಲು ಗದ್ದೆ ಗುತ್ತಿಗೆ ಹಿಡಿದು ಬಂದ ಮಲಯಾಳಿಗಳು ಹ್ಯಾಂಡ್‌ಪೋಸ್ಟ್ ಇರುವ ಕೋಟೆ ತಾಲ್ಲೂಕಿಗೆ ಶುಂಠಿಯ ಜೊತೆ ಫುಟ್‌ಬಾಲ್ ಹುಚ್ಚನ್ನೂ ನೆಟ್ಟು ಹೋಗಿದ್ದರು. ಚಿಕ್ಕಬಸಪ್ಪನವರಿಗೆ ಅದು ತಲೆಗೇರಿ, ಬ್ರೆಜಿಲ್ ತಮ್ಮ ಬೀಗರ ಊರೇನೋ ಎಂಬಂತೆ ಆಡುತ್ತಿದ್ದರು. ಊರಿನ ಜನ ಆಟ ನೋಡುತ್ತಿದ್ದದ್ದು ಜಂಕ್ಷನ್ನಿನ ಒಂದು ಬಾರಿನಲ್ಲಿ. ಕ್ವಾರ್ಟರ್ ಫೈನಲ್ ದಿನ ಯಾರೋ ಮಹಾನುಭಾವ ರೆಫರಿಯ ಮೇಲೆ ಸಿಟ್ಟಾಗಿ ಬಾಟ್ಲಿ ಎಸೆದ. ರೆಫರಿಗೆ ಏನೂ ಆಗಲಿಲ್ಲ, ಬಾರಿನ ಟಿವಿ ಸತ್ತಿತು. ಅಲ್ಲಿಗೆ ಉಳಿದದ್ದು ಚಿಕ್ಕಬಸಪ್ಪನವರ ನಡುಮನೆಯೇ.

ಆವತ್ತಿನಿಂದ ಅಂಗಡಿ ಜಗಲಿಯ ಮೇಲೆ ಒಂದೇ ವಾದ. ಆಟ ನೋಡುವವರು ಕುಡಿಯಬಹುದೋ ಬಾರದೋ? ಎದುರುಮನೆಯ ದೊಡ್ಡಬೀರಯ್ಯ ಕುಡಿಯಬಹುದು ಎಂಬ ಪಕ್ಷದ ಮುಖಂಡ. ಆಡುವವರೇ ಬರೀ ನೀರು ಕುಡಿದು ತೊಂಬತ್ತು ನಿಮಿಷ ಓಡುತ್ತಾರೆ, ಕೂತು ನೋಡುವ ನಿಮಗೆ ಪಾಕೀಟು ಸಾರಾಯಿ ಯಾಕೆ ಎಂದು ಚಿಕ್ಕಬಸಪ್ಪನವರು ಗುಡುಗುತ್ತಿದ್ದರು.

"ಆಡೋರ್ಗೆ ಗೋಲು ಒಡಿಯೋ ಸುಖ ಐತೆ ಸಾವ್ಕಾರ್ರೇ," ಎನ್ನುತ್ತಿದ್ದ ದೊಡ್ಡಬೀರಯ್ಯ. "ನಮಗೇನೈತೆ? ಎಲ್ಲೋ ಇರೋರ್ಗೆ ಇಲ್ಲಿಂದ ಕೂಗೋಕೆ ವಸಿ ಧೈರ್ಯ ಬ್ಯಾಡ್ವಾ?"

ಧೈರ್ಯ ಬೇಕಾದರೆ ಮನೆಯಲ್ಲಿ ಇಟ್ಟು ಬಾ, ನನ್ನ ಬಾಗಿಲಲ್ಲಿ ಪ್ರತಿಯೊಬ್ಬರ ಬಾಯನ್ನೂ ನಾನೇ ಮೂಸಿ ಒಳಗೆ ಬಿಡುತ್ತೇನೆ ಎಂದರು ಚಿಕ್ಕಬಸಪ್ಪನವರು. ಅಷ್ಟಕ್ಕೇ ಬಿಡದೆ ಒಂದು ತಗಡಿನ ಮೇಲೆ 'ಊದಿ ಒಳಗೆ ಬನ್ನಿ' ಎಂದು ಬಣ್ಣದಲ್ಲಿ ಬರೆದು ಬಾಗಿಲಿಗೆ ನೇತುಹಾಕಿದರು.

ಎಲ್ಲ ಸರಿ, ಆದರೆ ಮೂಗು? ಗುರುವಾರದ ಸೋನೆಯಲ್ಲಿ ನೆನೆದು ನೆಗಡಿ ಹಿಡಿದಿತ್ತು. ಮೂಗಿನ ಎರಡೂ ಹೊಳ್ಳೆ ಬಂದ್. ಒಗ್ಗರಣೆ ಸೀದರೂ ಗೊತ್ತಾಗದ ಮೂಗು ಸಾರಾಯಿ ಹಿಡಿದೀತೆ? ಒಬ್ಬ ಕಣ್ತಪ್ಪಿ, ಅಲ್ಲ, ಮೂಗುತಪ್ಪಿ ಒಳಗೆ ನುಸುಳಿದರೆ ಟಿವಿ ಹೋಯಿತು, ಬ್ರೆಜಿಲ್ ಹೋಯಿತು, ಮಾನ ಹೋಯಿತು. ಅವರಿಗೆ ನಿಜಕ್ಕೂ ಭಯವಾಯಿತು.

ಬಸ್‌ಸ್ಟ್ಯಾಂಡಿನ ಬಳಿ ಕೇರಳದ ವೈದ್ಯರೊಬ್ಬರ ಅಂಗಡಿಯಿತ್ತು. ಅವರು ಒಂದು ದೊಡ್ಡ ಬಾಟ್ಲಿ ಅರಿಷ್ಟ ಕೊಟ್ಟು, ಊಟವಾದ ಮೇಲೆ ಎರಡೆರಡು ಚಮಚ, ಹದಿನೈದು ದಿನದಲ್ಲಿ ಮೂಗು ಬಿಡುತ್ತದೆ ಎಂದಿದ್ದರು. ಹದಿನೈದು ದಿನ ಎಲ್ಲಿದೆ? ಆಟಕ್ಕೆ ಉಳಿದದ್ದು ಒಂದೇ ಗಂಟೆ. ಕಬ್ಬಿಣದ ವ್ಯಾಪಾರಿಗೆ ಚಿಲ್ಲರೆ ಬುದ್ಧಿ ಯಾಕೆ, ಸಗಟಿನಲ್ಲೇ ಆಗಲಿ ಎಂದು ಚಿಕ್ಕಬಸಪ್ಪನವರು ಉಗ್ರಾಣಕ್ಕೆ ಹೋಗಿ, ಲೋಟಕ್ಕೆ ಬಗ್ಗಿಸಿ ಬಗ್ಗಿಸಿ ಬಾಟ್ಲಿಯನ್ನು ಖಾಲಿ ಮಾಡಿದರು. ಊಟವಾದ ಮೇಲೆ ಎಂಬ ಮಾತನ್ನೂ ಪಾಲಿಸುವಂತಿರಲಿಲ್ಲ. ಬ್ರೆಜಿಲ್ ಗೆದ್ದ ಮೇಲೇ ಊಟ ಎಂದು ನಂಜನಗೂಡಿನ ನಂಜುಂಡೇಶ್ವರನಿಗೆ ಬೆಳಿಗ್ಗೆಯೇ ಹರಕೆ ಹೊತ್ತಾಗಿತ್ತು.

ಪರಮಾಶ್ಚರ್ಯ! ಇಪ್ಪತ್ತು ನಿಮಿಷದಲ್ಲಿ ಮೂಗು ಅಂಗಡಿಯ ಷಟರ್ ಎತ್ತಿದ ಹಾಗೆ ತೆರೆದುಕೊಂಡಿತು. ಎದೆಯಲ್ಲಿ ಬಿಸಿ, ಕಾಲಲ್ಲಿ ಹಗುರ, ಮನಸ್ಸಿನಲ್ಲಿ ಎಂದೂ ಇಲ್ಲದ ಉತ್ಸಾಹ. ಔಷಧಿ ಅಂದರೆ ಇದು ಎಂದುಕೊಂಡು ಬಾಗಿಲಲ್ಲಿ ನಿಂತರು.

ಮೊದಲು ಬಂದವನು ಕೇಬಲ್ ಧರ್ಮೇಂದ್ರ. ಚಿಕ್ಕಬಸಪ್ಪನವರು ಬಗ್ಗಿ, ಬಾಯಿ ತೆರೆದು ದೀರ್ಘವಾಗಿ ಉಸಿರೆಳೆದರು. ಗಮ್ಮೆಂದಿತು! ಕುಡಿದಿದ್ದೀಯಲ್ಲೋ ಎಂದರು. ಅವನು ಅವ್ವನಾಣೆ ಹಾಕಿದ. ಎರಡನೆಯವರು ನಿವೃತ್ತ ಹೆಡ್‌ಮಾಸ್ಟರ್ ಕರಿಯಪ್ಪನವರು, ಕಾಫಿ ಸಹ ಕುಡಿಯದವರು. ಅವರೂ ಗಮ್ಮೆಂದರು! ಮೂರನೆಯವನು, ನಾಲ್ಕನೆಯವನು, ಹದಿನಾಲ್ಕನೆಯವನಾಗಿ ಬಂದ ದೊಡ್ಡಬೀರಯ್ಯ, ಎಲ್ಲರ ಹತ್ತಿರವೂ ಒಂದೇ ವಾಸನೆ. ದೊಡ್ಡಬೀರಯ್ಯ ಊದಿದವನೇ ಯಾಕೋ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಏನೋ ಹೇಳಹೊರಟು ಸುಮ್ಮನಾದ.

ಎಲ್ಲರನ್ನೂ ವಾಪಸ್ಸು ಕಳಿಸುವುದೆಂತು? ಧರ್ಮೇಂದ್ರನನ್ನು ಕಳಿಸಿದರೆ ಕೇಬಲ್ಲೇ ಹೋಗುತ್ತದೆ. ಇವರಲ್ಲಿ ಯಾವನೋ ಒಬ್ಬ ಮಾತ್ರ ಹಾಕಿ ಬಂದಿದ್ದಾನೆ, ಅವನ ವಾಸನೆ ಎಲ್ಲರಿಗೂ ಹತ್ತಿದೆ, ಒಳಗೆ ಕೂರಿಸಿ ಉಪಾಯದಿಂದ ಅವನನ್ನು ಹಿಡಿದು, ಮಂಗಳಮ್ಮನಿಗೆ ತಿಳಿಯುವ ಮೊದಲೇ ಹೊರಗೆ ದಬ್ಬಬೇಕು. ಹೀಗೆ ತೀರ್ಮಾನಿಸಿದರು.

ಸಾಯಂಕಾಲ ನಾಲ್ಕೂವರೆಗೆ ಆಟ ಶುರುವಾಯಿತು. ಚಿಕ್ಕಬಸಪ್ಪನವರ ಬೇಟೆಯೂ ಶುರುವಾಯಿತು. ಜಮಖಾನದ ಮೇಲೆ ಸಾಲಾಗಿ ಕೂತವರ ಬೆನ್ನ ಹಿಂದೆ ಮಂಡಿಯೂರಿ ಒಬ್ಬೊಬ್ಬರ ಭುಜದ ಹತ್ತಿರ ಮೂಗು ತಂದರು. ಹೆಡ್‌ಮಾಸ್ಟರರ ಕಂಕುಳವನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ವಾಸನೆ ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಅಡುಗೆಮನೆಯಲ್ಲಿ ಬಳೆ ಸದ್ದಾದಾಗಲೆಲ್ಲ ನೆಟ್ಟಗೆ ಕೂತು ಟಿವಿ ನೋಡುವವರಂತೆ ನಟಿಸುತ್ತಿದ್ದರು. ಬ್ರೆಜಿಲ್‌ನವರು ಒದ್ದ ಚೆಂಡು ಗೋಲಿನ ಅಡ್ಡಕಂಬಕ್ಕೆ ಬಡಿದು ಹದಿನಾಲ್ಕು ಜನ ತಲೆಯ ಮೇಲೆ ಕೈ ಹೊತ್ತಾಗ ಇವರು ಸೋಫಾದ ಕೆಳಗೆ ಬಾಟ್ಲಿ ಹುಡುಕುತ್ತಿದ್ದರು.

ವಾಸನೆ ಹೋಗದಿದ್ದರೆ ಮುಚ್ಚಬಹುದಲ್ಲ? ದೇವರಮನೆಯಿಂದ ಊದುಬತ್ತಿಯ ಇಡೀ ಕಟ್ಟು ತಂದು ಹಚ್ಚಿದರು. ಅದು ಸಾಲದೆಂದು ಸಾಂಬ್ರಾಣಿಯನ್ನೂ ಕೆಂಡದ ಮೇಲೆ ಸುರಿದರು. ಅರ್ಧ ಆಟ ಮುಗಿಯುವ ಹೊತ್ತಿಗೆ ನಡುಮನೆಯಲ್ಲಿ ಬ್ರೆಜಿಲ್ ಯಾವುದು, ಜರ್ಮನಿ ಯಾವುದು, ಟಿವಿ ಎಲ್ಲಿದೆ ಎಂಬುದೇ ಕಾಣಿಸುತ್ತಿರಲಿಲ್ಲ. ಹೆಡ್‌ಮಾಸ್ಟರರು ಕೆಮ್ಮುತ್ತ ಕಿಟಕಿ ತೆರೆದರು. ಹೊಗೆ ಕಂಡು ಮಂಗಳಮ್ಮ ಖಾರಪುರಿಯ ತಟ್ಟೆಯೊಡನೆ ಓಡಿ ಬಂದರು.

ಬಂದವರು ನಿಂತರು. ಮೂಗು ಒಮ್ಮೆ ಅರಳಿತು.

"ಯಾರೋ ಕುಡಿದವ್ರೆ."

ಆಟಕ್ಕೆ ಇನ್ನೂ ವಿರಾಮ, ಎರಡೂ ಕಡೆ ಒಂದೂ ಗೋಲಿಲ್ಲ. ಮಂಗಳಮ್ಮ ತಟ್ಟೆಯನ್ನು ಟಿವಿಯ ಮೇಲಿಟ್ಟು ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಧರ್ಮೇಂದ್ರ ಊದಿದ, ಪಾಸ್. ಹೆಡ್‌ಮಾಸ್ಟರರು ತಮ್ಮ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಊದಿದರು, ಪಾಸ್. ದೊಡ್ಡಬೀರಯ್ಯನ ಸರದಿ ಬಂದಾಗ ಚಿಕ್ಕಬಸಪ್ಪನವರು ಸಿಕ್ಕಿಬಿದ್ದ ಬಡ್ಡಿಮಗ ಎಂದುಕೊಂಡರು. ಅವನೂ ಪಾಸ್! ನಿಮಗೆ ಎದರಿ ಎರಡು ದಿನದಿಂದ ಮುಟ್ಟಿಲ್ಲ ಅಕ್ಕಾವ್ರೇ ಎಂದು ಅವನು ತಲೆ ತಗ್ಗಿಸಿದ.

"ಎಲ್ಲಾ ಆಯ್ತು," ಎಂದರು ಮಂಗಳಮ್ಮ. "ನೀವು?"

"ನಾನಾ?" ಚಿಕ್ಕಬಸಪ್ಪನವರು ನಕ್ಕರು. ನಗು ಬೇಕಾದ್ದಕ್ಕಿಂತ ಒಂದು ಮಾರು ಉದ್ದವಾಯಿತು. "ಮೂಸೋನನ್ನೇ ಮೂಸ್ತೀಯಾ ಮಂಗಳಾ? ತಗೋ." ಎದೆ ಸೆಟೆಸಿ, ಶಂಖ ಊದುವ ಗತ್ತಿನಲ್ಲಿ ಊದಿದರು.

ಮಂಗಳಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಅಷ್ಟು ದೂರ ಎಂದೂ ನಿಂತಿರಲಿಲ್ಲ. ಅಪ್ಪ ಉಗ್ರಾಣದಿಂದ ಬಾಯೊರೆಸಿಕೊಂಡು ಬಂದದ್ದನ್ನು ಕಂಡಿದ್ದ ಐಶ್ವರ್ಯ ಅಲ್ಲಿಗೆ ಹೋಗಿ ಖಾಲಿ ಬಾಟ್ಲಿ ತಂದಳು. ಬೆಳಕಿಗೆ ಹಿಡಿದು, ಇರುವೆಯಷ್ಟು ಸಣ್ಣ ಅಕ್ಷರವನ್ನು ಪರೀಕ್ಷೆಗೆ ಓದುವ ಹಾಗೆ ಗಟ್ಟಿಯಾಗಿ ಓದಿದಳು. ಇದು ಹುದುಗು ಬರಿಸಿ ಮಾಡಿದ ಔಷಧಿಯಂತೆ, ತಾನೇ ಹುಟ್ಟಿದ ಆಲ್ಕೋಹಾಲ್ ಇದರಲ್ಲಿದೆಯಂತೆ, ಹೇಳಿದ ಪ್ರಮಾಣ ಮೀರಬಾರದಂತೆ.

"ನೆಗಡಿಗೆ ಕಣೇ," ಎಂದರು ಚಿಕ್ಕಬಸಪ್ಪನವರು. "ಇವರನ್ನ ಮೂಸೋಕೆ ಅಂತ..." ಮುಂದೆ ನಾಲಿಗೆ ಹೊರಳಲಿಲ್ಲ. ನಾಚಿಕೆಯಿಂದಲೋ ಅರಿಷ್ಟದಿಂದಲೋ ಅವರಿಗೇ ತಿಳಿಯಲಿಲ್ಲ.

"ಮಾತು ಅಂದ್ರೆ ಮಾತು," ಎಂದರು ಮಂಗಳಮ್ಮ. "ಬೀರಯ್ಯ, ಎತ್ತಿ. ನಿಮ್ಮನೆಗೆ ತಕ್ಕೊಂಡೋಗಿ. ಕುಡೀದೇ ಇರೋರು ಅಲ್ಲಿ ನೋಡ್ಲಿ."

ಧರ್ಮೇಂದ್ರ ವೈರು ಕಿತ್ತ. ಇಬ್ಬರು ಟಿವಿ ಎತ್ತಿದರು. ಉಳಿದವರು ಹಿಂದೆ, ಅವರ ಹಿಂದೆ ಹೆಡ್‌ಮಾಸ್ಟರರು ಕೊಡೆ ಹಿಡಿದು, ಅವರ ಹಿಂದೆ ಖಾರಪುರಿ ತಟ್ಟೆ ಹೊತ್ತ ಮಂಗಳಮ್ಮ, ಪುಸ್ತಕ ಮುಚ್ಚಿದ ಐಶ್ವರ್ಯ, ಮೆರವಣಿಗೆ ರಸ್ತೆ ದಾಟಿತು. ಹೊಗೆ ತುಂಬಿದ ನಡುಮನೆಯಲ್ಲಿ ಚಿಕ್ಕಬಸಪ್ಪನವರೊಬ್ಬರೇ ಉಳಿದರು. ಹೊಟ್ಟೆಯಲ್ಲಿ ಹರಕೆ, ಅದರ ಮೇಲೆ ಅರಿಷ್ಟ. ಕಣ್ಣಲ್ಲಿ ನೀರು ಬಂತು, ಸಾಂಬ್ರಾಣಿಯದು ಎಂದುಕೊಂಡರು.

ಅರ್ಧ ಗಂಟೆ ತಡೆದರು. ಆಮೇಲೆ ತಡೆಯಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಸೋನೆಯಲ್ಲೇ ರಸ್ತೆ ದಾಟಿ ದೊಡ್ಡಬೀರಯ್ಯನ ಹೊಸ್ತಿಲಿಗೆ ಬಂದರೆ, ಬಾಗಿಲಲ್ಲಿ ಯಾವುದೋ ತಗಡು ನೇತಾಡುತ್ತಿತ್ತು. ಅಕ್ಷರ ಅವರದೇ. ದೊಡ್ಡಬೀರಯ್ಯ ಕೈ ಅಡ್ಡ ಹಿಡಿದು ನಿಂತಿದ್ದ, ಅವನ ಮುಖದಲ್ಲಿ ನಗುವಿಗಿಂತ ಸಂಕೋಚವೇ ಹೆಚ್ಚಿತ್ತು.

"ಬೇಜಾರು ಮಾಡ್ಕಬ್ಯಾಡಿ ಸಾವ್ಕಾರ್ರೇ. ಒಳಗೆ ಅಕ್ಕಾವ್ರು ಕುಂತವ್ರೆ. ವಸಿ ಊದಿ."

ಅಷ್ಟರಲ್ಲಿ ಒಳಗಿನಿಂದ ಮಾಡಿನ ಹೆಂಚು ಹಾರುವಂಥ ಕೂಗು ಎದ್ದಿತು. ಗೋಲು! ಚಿಕ್ಕಬಸಪ್ಪನವರು ದೊಡ್ಡಬೀರಯ್ಯನ ಕೈಯ ಮೇಲಿಂದ ಕತ್ತು ಚಾಚಿದರು, ಜನರ ಬೆನ್ನುಗಳಲ್ಲದೆ ಏನೂ ಕಾಣಲಿಲ್ಲ. ಹೊಡೆದದ್ದು ಬ್ರೆಜಿಲ್ಲೋ ಜರ್ಮನಿಯೋ? ಊಟ ಉಂಟೋ ಇಲ್ಲವೋ? ಕೇಳಬೇಕಾದರೆ ಬಾಯಿ ತೆರೆಯಬೇಕಿತ್ತು. ಚಿಕ್ಕಬಸಪ್ಪನವರು ತುಟಿ ಬಿಗಿಹಿಡಿದು ಮಳೆಯಲ್ಲಿ ನಿಂತೇ ಇದ್ದರು.